ಶಿರಸಿಯಲ್ಲಿ ಕೂತು ಆಲ್ಪ್ಸ್‌ನ ಹೊಳೆ ಓದುವುದು ಹೇಗೆ

ಅಕ್ಕನ ಮಗಳು ಓದಲಿಕ್ಕೆ ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಳೆ. ಒಂದು ಜುಲೈ ಸಂಜೆ ಅವಳ ಮೆಸೇಜ್ ಬಂತು, ಜೊತೆಗೊಂದು ಫೋಟೋ. ಸೇತುವೆ ಕೆಳಗೆ ದಬದಬ ನುಗ್ಗುವ ಬೂದು ನೀರು. ಮೇಲೆ ನೀಲಿ ಆಕಾಶ, ಹುಡುಕಿದರೂ ಒಂದು ಮೋಡ ಇಲ್ಲ. "ಮಾವಾ, ಇಲ್ಲಿ ಮಳೆ ಬಿದ್ದು ಹತ್ತು ದಿನ ಆತು. ಆದ್ರೂ ಹೊಳೆ ತುಂಬಿ ಹರೀತಾ ಇದ್ದು. ಎಂತಕ್ಕೆ?"

ಆ ಹೊತ್ತಿಗೆ ಇಲ್ಲಿ ಮಳೆ ಹೊಡೆಯುತ್ತಿತ್ತು. ಕರೆಂಟ್ ಹೋಗಿ ಮೂರು ತಾಸಾಗಿತ್ತು, ಮನೆ ಕೆಳಗಿನ ಹಳ್ಳ ತೋಟದ ಅಂಚಿಗೆ ಬಂದು ನಿಂತಿತ್ತು. ಮಳೆ ಬಂದರೆ ಹೊಳೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ ಅನ್ನುವುದು ನಮ್ಮ ಕಡೆಯವರಿಗೆ ಹುಟ್ಟಿನಿಂದ ಗೊತ್ತಿರುವ ಲೆಕ್ಕ. ಆ ಲೆಕ್ಕ ಅಲ್ಲಿ ತಪ್ಪುತ್ತಿತ್ತು. ತಪ್ಪಿದ ಜಾಗದಲ್ಲೇ ಏನೋ ಇದೆ ಅನ್ನಿಸಿ ಹುಡುಕಲಿಕ್ಕೆ ಕೂತೆ.

ನಾನು ಆಲ್ಪ್ಸ್ ನೋಡಿದವನಲ್ಲ. ಆದರೂ ಈಗ ಅಲ್ಲಿನ ಒಂದು ನದಿ, ರೋನ್, ನನಗೆ ಸುಮಾರಾಗಿ ಪರಿಚಯ ಆಗಿದೆ. ಹೇಗೆ ಆಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಭೂಗೋಳ ಓದುವ ಮಕ್ಕಳಿಗೆ, ಪಾಠ ಮಾಡುವವರಿಗೆ, ಆ ಕಡೆ ಪ್ರವಾಸ ಹೊರಟವರಿಗೆ ಉಪಯೋಗ ಆಗಬಹುದು. ಬೇಕಾದದ್ದು ಇಷ್ಟೇ: ಮೊಬೈಲೋ ಕಂಪ್ಯೂಟರೋ ಒಂದು, ಗೂಗಲ್ ಅರ್ಥ್, ಒಂದು ನೋಟ್‌ಬುಕ್, ಪೆನ್ಸಿಲ್. ಸ್ವಿಸ್ ಸರ್ಕಾರದ ನಕ್ಷೆ ಇಲಾಖೆ ಸ್ವಿಸ್‌ಟೋಪೋ ತನ್ನ ನಕ್ಷೆಗಳನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಟ್ಟಿದೆ, ಅದೂ ಇದ್ದರೆ ಹಬ್ಬ.

ಮೊದಲು ಮನೆ ಹೊಳೆ

ಸೀದಾ ಆಲ್ಪ್ಸ್‌ಗೆ ಹಾರಬೇಡಿ. ಅಲ್ಲಿನ ಹೆಸರುಗಳೇ ತಲೆ ತಿನ್ನುತ್ತವೆ, ಹತ್ತು ನಿಮಿಷದಲ್ಲಿ ನಕ್ಷೆ ಮುಚ್ಚಿಡುತ್ತೀರಿ. ಮೊದಲು ನಿಮಗೆ ಕಾಲಲ್ಲಿ ಗೊತ್ತಿರುವ ಒಂದು ಹೊಳೆ ಹಿಡಿಯಿರಿ. ಕಾರವಾರದವರಿಗೆ ಕಾಳಿ, ಅಂಕೋಲೆಯವರಿಗೆ ಗಂಗಾವಳಿ, ಹೊನ್ನಾವರದವರಿಗೆ ಶರಾವತಿ. ನಾನು ಶಿರಸಿಯವನು, ನನಗೆ ಅಘನಾಶಿನಿ. ಇದರಲ್ಲೊಂದು ಅನುಕೂಲ ಇದೆ. ಅಣೆಕಟ್ಟು ಇಲ್ಲ, ಹಾಗಾಗಿ ನೀರು ತನ್ನ ಬುದ್ಧಿಯಲ್ಲೇ ಹರಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಒಂದು ಅಡ್ಡಗೆರೆ, ಒಂದು ನೆಟ್ಟಗೆರೆ ಎಳೆಯಿರಿ. ಅಡ್ಡ ದೂರ, ನೆಟ್ಟಗೆ ಎತ್ತರ. ಗೂಗಲ್ ಅರ್ಥ್‌ನಲ್ಲಿ ಬೆರಳಿಟ್ಟರೆ ಆ ಜಾಗದ ಎತ್ತರ ತೋರಿಸುತ್ತದೆ. ಶಿರಸಿ ಪೇಟೆಯ ಶಂಕರ ಹೊಂಡದಿಂದ ಶುರು ಮಾಡಿ. ಅಲ್ಲಿ ಸುಮಾರು 590 ಮೀಟರ್. ಹೊಳೆ ಗುಂಟ ಐದೈದು ಕಿಲೋಮೀಟರಿಗೆ ಒಂದು ಚುಕ್ಕಿ ಇಡುತ್ತಾ ಬನ್ನಿ. ಮೊದಲು ಗದ್ದೆ ತೋಟಗಳ ನಡುವೆ ಆರಾಮಾಗಿ ಬರುತ್ತದೆ. ಉಂಚಳ್ಳಿಯಲ್ಲಿ ಒಮ್ಮೆಗೇ 116 ಮೀಟರ್ ಧುಮುಕುತ್ತದೆ, ಕೆಪ್ಪ ಜೋಗ ಅಂತ ಹೆಸರು ಬಂದದ್ದು ಸುಮ್ನೆ ಅಲ್ಲ. ಆಮೇಲೆ ಕಾಡಿನ ಆಳ ಕೊಳ್ಳ. ಅದು ಮುಗಿದ ಮೇಲೆ ಮತ್ತೆ ಸಪಾಟು, ಎಷ್ಟು ಸಪಾಟು ಅಂದರೆ ಉಪ್ಪಿನಪಟ್ಟಣದ ಕಡೆವರೆಗೂ ಸಮುದ್ರದ ಉಬ್ಬರ ಒಳಗೆ ಬರುತ್ತದೆ. ಕೊನೆಗೆ ತದಡಿ, ಅಘನಾಶಿನಿ ಊರು, ಅಳಿವೆ.

ಚುಕ್ಕಿಗಳನ್ನು ಸೇರಿಸಿ. ಮೇಲೊಂದು ಜಗುಲಿ, ನಡುವೆ ಹಾರು, ಕೆಳಗೊಂದು ಅಂಗಳ. ಈ ಗೆರೆಯೇ ನಿಮ್ಮ ಅಳತೆಗೋಲು. ಹರಿದು ಎಸೆಯಬೇಡಿ, ಪ್ರತಿ ಹೆಜ್ಜೆಗೂ ಬೇಕಾಗುತ್ತದೆ.

ಈಗ ರೋನ್, ಆದರೆ ಕೆಳಗಿನಿಂದ

ಉಗಮದಿಂದ ಶುರು ಮಾಡುವುದು ಪುಸ್ತಕದ ಅಭ್ಯಾಸ. ಆಲ್ಪ್ಸ್‌ನಲ್ಲಿ ಹಾಗೆ ಮಾಡಿದರೆ ಹಿಮದ ನಡುವೆ ಕಳೆದುಹೋಗುತ್ತೀರಿ, ಯಾವ ಗೆರೆ ಹೊಳೆ ಯಾವುದು ಹಳ್ಳ ಅಂತ ಗೊತ್ತಾಗುವುದಿಲ್ಲ. ನಕ್ಷೆಯಲ್ಲಿ ಜಿನೀವಾ ಸರೋವರ ಹುಡುಕಿ, ಬಾಳೆಕಾಯಿ ಬಗ್ಗಿದ ಹಾಗೆ ಕಾಣುತ್ತದೆ. ಅದರ ಪೂರ್ವ ತುದಿಗೆ ಒಂದು ನದಿ ಬಂದು ಬೀಳುತ್ತದೆ. ಅದೇ ರೋನ್. ಅಲ್ಲಿಂದ ಹಿಂದಕ್ಕೆ ಹತ್ತುತ್ತಾ ಹೋಗಿ.

ಸರೋವರದ ನೀರಿನ ಮಟ್ಟ 372 ಮೀಟರ್. ಅಂದರೆ ನಮ್ಮ ಶಿರಸಿಗಿಂತ ತಗ್ಗು! ಆಲ್ಪ್ಸ್ ಅಂದ ಕೂಡಲೇ ಎಲ್ಲವೂ ಆಕಾಶದಲ್ಲಿದೆ ಅಂದುಕೊಂಡಿದ್ದ ನನಗೆ ಮೊದಲ ಪೆಟ್ಟು ಬಿದ್ದದ್ದು ಇಲ್ಲಿ. ಮೇಲೆ ಹೋಗಿ: ಸೇಂಟ್ ಮೊರಿಸ್ ಹತ್ತಿರ ಸುಮಾರು 420, ಮಾರ್ಟಿನ್ಯಿ 470, ಸಿಯೋನ್ 500 ಆಸುಪಾಸು. ಸಿಯೋನ್ ಆ ವಾಲೇ ಪ್ರಾಂತ್ಯದ ರಾಜಧಾನಿ, ಅದೂ ಶಿರಸಿಗಿಂತ ಕೆಳಗೇ ಇದೆ. ಇನ್ನೂ ಮೇಲೆ ಬ್ರಿಗ್, ಸುಮಾರು 680. ಮಾರ್ಟಿನ್ಯಿಯಿಂದ ಬ್ರಿಗ್‌ಗೆ ಹೆಚ್ಚುಕಡಿಮೆ 80 ಕಿಲೋಮೀಟರ್. ಅಷ್ಟು ದೂರದಲ್ಲಿ ಏರಿದ್ದು 210 ಮೀಟರ್ ಮಾತ್ರ, ಕಿಲೋಮೀಟರಿಗೆ ಮೂರು ಮೀಟರೂ ಇಲ್ಲ. ಆದರೆ ಎರಡೂ ಪಕ್ಕ ನೋಡಿ, 3,000, 4,000 ಮೀಟರ್ ಗೋಡೆಗಳು. ದೈತ್ಯರ ನಡುವೆ ಹಾಸಿದ ಚಾಪೆ ಈ ಕಣಿವೆ.

ಬ್ರಿಗ್ ದಾಟಿದ ಮೇಲೆ ಆಟ ಬದಲು. ಗೋಮ್ಸ್ ಅನ್ನುವ ಮೇಲ್ಕಣಿವೆ, ಅಲ್ಲಿ ಓಬರ್‌ವಾಲ್ಡ್ 1,368 ಮೀಟರ್, ಗ್ಲೆಚ್ 1,757 ಮೀಟರ್. ಅದರ ಮೇಲೆ ಫುರ್ಕಾ ಘಟ್ಟದ ಬುಡದಲ್ಲಿ, 2,200 ಮೀಟರಿನ ಆಸುಪಾಸಿನಲ್ಲಿ ರೋನ್ ಹಿಮನದಿಯ, ಅಂದರೆ ನಿಧಾನಕ್ಕೆ ಜಾರುವ ಮಂಜುಗಡ್ಡೆ ರಾಶಿಯ, ಬಾಯಿ. ಇಲ್ಲೇ ಹೊಳೆ ಹುಟ್ಟುತ್ತದೆ.

ಒಂದು ಎಚ್ಚರಿಕೆ. ಮೇಲ್ಭಾಗದಲ್ಲಿ ಜರ್ಮನ್ ಮಾತಾಡುವವರು, ಸಿಯರ್ ಊರಿನ ಆಸುಪಾಸು ದಾಟಿದರೆ ಫ್ರೆಂಚ್. ಹಾಗಾಗಿ ಮೇಲಿನವರ ಬಾಯಲ್ಲಿ ಇದೇ ಹೊಳೆಗೆ ರೋಟನ್ ಅಂತ ಹೆಸರು. ನಕ್ಷೆಯಲ್ಲಿ ರೋಟನ್ ಕಂಡರೆ ಬೇರೆ ನದಿ ಅಂದುಕೊಂಡು ಗಾಬರಿ ಆಗಬೇಡಿ. ಬೇಡ್ತಿ ಕೆಳಗಿಳಿದು ಗಂಗಾವಳಿ ಆಗುವುದಿಲ್ಲವಾ, ಹಾಗೇ ಇದೂ.

ಇನ್ನೊಂದು ಎಚ್ಚರಿಕೆ ನನ್ನ ಮಾನ ಹೋದ ಕಥೆ. ರೋನ್ ಬೇರೆ, ರೈನ್ ಬೇರೆ. ಎರಡೂ ಹುಟ್ಟುವುದು ಅಲ್ಲೇ ಅಕ್ಕಪಕ್ಕದ ಬೆಟ್ಟಗಳಲ್ಲಿ, ಆದರೆ ರೈನ್ ಉತ್ತರ ಸಮುದ್ರಕ್ಕೆ ಹೋಗುತ್ತದೆ, ರೋನ್ ಫ್ರಾನ್ಸ್ ದಾಟಿ ಮೆಡಿಟರೇನಿಯನ್‌ಗೆ, ಒಟ್ಟು ಸುಮಾರು 812 ಕಿಲೋಮೀಟರ್. ಮಕ್ಕಳ ಮುಂದೆ ಒಮ್ಮೆ ಗತ್ತಿನಲ್ಲಿ ಅದಲುಬದಲು ಹೇಳಿ, ಎಂಟನೇ ಕ್ಲಾಸಿನ ಹುಡುಗನೊಬ್ಬ ಮೊಬೈಲ್ ತೆಗೆದು ತೋರಿಸಿದಾಗ ಸುಮ್ಮನೆ ಚಹಾ ಕುಡಿಯಲಿಕ್ಕೆ ಎದ್ದು ಹೋದೆ.

ಈಗ ಎರಡು ಗೆರೆ ಪಕ್ಕಪಕ್ಕ ಇಡಿ. ನಮ್ಮದು ಸಪಾಟು, ಹಾರು, ಸಪಾಟು. ಅವರದು ಮೇಲೆ ಕಡಿದಾದ ಮೆಟ್ಟಿಲು, ಆಮೇಲೆ ಉದ್ದಕ್ಕೂ ಸಪಾಟು. ಹಾಗಾದರೆ ಬೆಟ್ಟದ ನಡುವೆ ಅಷ್ಟು ಅಗಲದ, ಅಷ್ಟು ಸಪಾಟಾದ ನೆಲ ಎಲ್ಲಿಂದ ಬಂತು?

ಕಣಿವೆ ಕೊರೆದವರು ಯಾರು

ಇದನ್ನು ಕಂಡುಹಿಡಿಯಲು ನಕ್ಷೆಯಲ್ಲಿ ಸಮೋನ್ನತಿ ರೇಖೆ ನೋಡಬೇಕು. ಶಾಲೆಯಲ್ಲಿ ಓದಿ ಮರೆತಿದ್ದೀರಿ ಅಲ್ವಾ? ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಸಪಾಟು. ಹೊಳೆಗೆ ಅಡ್ಡಲಾಗಿ, ಈ ಗುಡ್ಡದ ತುದಿಯಿಂದ ಆ ಗುಡ್ಡದ ತುದಿಗೆ, ಬೆರಳು ಎಳೆಯಿರಿ. ಉಂಚಳ್ಳಿ ಕೆಳಗಿನ ಕೊಳ್ಳದಲ್ಲಿ ಎಳೆದರೆ ಗೆರೆಗಳು ಒತ್ತಾಗಿ ಇಳಿದು, ಹೊಳೆ ಮುಟ್ಟಿ, ತಕ್ಷಣ ಒತ್ತಾಗಿಯೇ ಏರುತ್ತವೆ. ಗರಗಸದಲ್ಲಿ ಸೀಳಿದ ಹಾಗೆ. ನೀರು ಕೊರೆದ ಕಣಿವೆ ಹೀಗೇ ಇರುತ್ತದೆ, ಯಾಕೆಂದರೆ ನೀರು ಕೊರೆಯುವುದು ತಾನು ಹರಿಯುವ ಆ ಸಣ್ಣ ತಳವನ್ನು ಮಾತ್ರ. ಪಕ್ಕದ ಗುಡ್ಡ ಆಮೇಲೆ ಕುಸಿದು ಕುಸಿದು ಓರೆಯಾಗುತ್ತದೆ.

ಸಿಯೋನ್ ಹತ್ತಿರ ಬೆರಳು ಎಳೆಯಿರಿ. ಒತ್ತು ಗೆರೆ ಇಳಿಯುತ್ತದೆ, ಆಮೇಲೆ ಎರಡು ಮೂರು ಕಿಲೋಮೀಟರ್ ಗೆರೆಯೇ ಇಲ್ಲ, ಆಮೇಲೆ ಮತ್ತೆ ಒತ್ತು. ಬಾನಿ ತೊಟ್ಟಿಯ ಆಕಾರ. ಇದು ನೀರಿನ ಕೆಲಸ ಅಲ್ಲ, ಹಿಮದ ಕೆಲಸ. ಹಿಮಯುಗದಲ್ಲಿ ಈ ಕಣಿವೆ ತುಂಬ, ಗೋಡೆಯಿಂದ ಗೋಡೆಗೆ, ಮಂಜುಗಡ್ಡೆ ತುಂಬಿತ್ತು. ರೋನ್ ಹಿಮನದಿ ಒಂದು ಕಾಲಕ್ಕೆ ಜಿನೀವಾ ದಾಟಿ ಫ್ರಾನ್ಸಿನ ಲಿಯೋನ್‌ವರೆಗೆ ಚಾಚಿತ್ತು ಅಂದರೆ ಅದರ ಗಾತ್ರ ಊಹಿಸಿ. ತಳದಲ್ಲಿ ಕಲ್ಲುಗುಂಡು ಕಚ್ಚಿಕೊಂಡು ನಿಧಾನಕ್ಕೆ ಜಾರುತ್ತಾ, ತಳವನ್ನೂ ಪಕ್ಕವನ್ನೂ ಒಟ್ಟಿಗೇ ಉಜ್ಜಿತು.

ಹಿಮ ಕರಗಿ ಹಿಂದೆ ಸರಿದಾಗ ಉಳಿದದ್ದು ಭಾರೀ ಹೊಂಡ. ಅದರಲ್ಲಿ ನೀರು ನಿಂತಿತು, ನೀರಲ್ಲಿ ಹೂಳು ಇಳಿಯಿತು. ಇವತ್ತು ನೀವು ನೋಡುವ ಸಪಾಟು ನೆಲ ಬಂಡೆ ಅಲ್ಲ. ಮರಳು, ಜಲ್ಲಿ, ಜೇಡಿ ತುಂಬಿದ ಭರ್ತಿ, ಕೆಲವು ಕಡೆ ನೂರಾರು ಮೀಟರ್ ಆಳ. ಜಿನೀವಾ ಸರೋವರ ಮೊದಲು ಕಣಿವೆಯ ಒಳಗೆ ಇನ್ನೂ ಮೇಲಕ್ಕೆ ಚಾಚಿತ್ತು, ರೋನ್ ಅದನ್ನು ಮೇಲಿನ ತುದಿಯಿಂದ ತುಂಬಿಸುತ್ತಾ ಬಂದಿದೆ, ಈಗಲೂ ತುಂಬಿಸುತ್ತಿದೆ. ಕುಮಟಾ ಕಡೆಯ ಗಜನಿ ಗದ್ದೆಗಳನ್ನು, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಗಳನ್ನು, ನೋಡಿದವರಿಗೆ ಇದು ಹೊಸದಲ್ಲ, ನೆಲ ಅಷ್ಟು ಸಪಾಟಾಗಿದ್ದರೆ ಅಲ್ಲಿ ಒಂದು ಕಾಲಕ್ಕೆ ನೀರು ನಿಂತಿತ್ತು ಅಂತಲೇ ಅರ್ಥ.

ಇನ್ನೊಂದು ಗುರುತು ಜಲಪಾತ. ವೆರ್ನಯಾಜ್ ಅನ್ನುವ ಊರಲ್ಲಿ ಪಿಸ್‌ವಾಶ್ ಅಂತ ಒಂದಿದೆ. ನೂರು ಮೀಟರ್ ಮಿಕ್ಕಿ ಎತ್ತರ, ನಮ್ಮ ಉಂಚಳ್ಳಿಯ ವಾರಗೆಯದೇ. ಹೆಸರಿನ ಅರ್ಥ ದನ ಉಚ್ಚೆ ಹೊಯ್ದ ಹಾಗೆ ಅಂತ! ಹೆಸರಿಡುವ ವಿಷಯದಲ್ಲಿ ಹಳ್ಳಿಯವರು ಎಲ್ಲ ಕಡೆ ಒಂದೇ. ಎತ್ತರ ಒಂದೇ ಆದರೂ ಎರಡರ ಕಾರಣ ಬೇರೆ. ಉಂಚಳ್ಳಿಯಲ್ಲಿ ಧುಮುಕುವುದು ಮುಖ್ಯ ಹೊಳೆಯೇ, ಘಟ್ಟದ ಅಂಚಿನಲ್ಲಿ. ಪಿಸ್‌ವಾಶ್‌ನಲ್ಲಿ ಧುಮುಕುವುದು ಪಕ್ಕದ ಉಪನದಿ. ದೊಡ್ಡ ಹಿಮನದಿ ಮುಖ್ಯ ಕಣಿವೆಯನ್ನು ಆಳಕ್ಕೆ ಕೊರೆಯಿತು. ಪಕ್ಕದ ಸಣ್ಣ ಹಿಮನದಿಗೆ ಅಷ್ಟು ತಾಕತ್ತಿರಲಿಲ್ಲ, ಅದರ ಕಣಿವೆ ಮೇಲೇ ನೇತಾಡಿಕೊಂಡು ಉಳಿಯಿತು. ನಕ್ಷೆಯಲ್ಲಿ ಉಪನದಿ ಕೊನೆಯ ಒಂದು ಕಿಲೋಮೀಟರಿನಲ್ಲಿ ಹಠಾತ್ತನೆ ಇಳಿದರೆ ಅಲ್ಲಿ ಹಿಮ ಕೆಲಸ ಮಾಡಿದೆ ಅಂತ ಬರೆದುಕೊಳ್ಳಬಹುದು.

ಮಾರ್ಟಿನ್ಯಿಯಲ್ಲಿ ನದಿ ಮೊಣಕೈ ಮಡಚಿದ ಹಾಗೆ ತಿರುಗುವುದು ಕಾಣುತ್ತದಲ್ಲ, ಅದಕ್ಕೂ ಕಾರಣ ಇದೆ. ಅಲ್ಲಿವರೆಗೆ ಎರಡು ಪರ್ವತಸಾಲುಗಳ ನಡುವೆ, ನೆಲದೊಳಗಿನ ಒಂದು ಹಳೆಯ ಬಿರುಕಿನ ಗುಂಟ ನೈಋತ್ಯಕ್ಕೆ ಬಂದ ಹೊಳೆ, ಇಲ್ಲಿ ಉತ್ತರದ ಸಾಲನ್ನೇ ಭೇದಿಸಿ ಹೊರಬೀಳುತ್ತದೆ. ಸೇಂಟ್ ಮೊರಿಸ್‌ನಲ್ಲಿ ಕಣಿವೆ ಎಷ್ಟು ಇಕ್ಕಟ್ಟು ಅಂದರೆ ಅದು ಆ ಇಡೀ ಪ್ರಾಂತ್ಯದ ಹೆಬ್ಬಾಗಿಲು.

ನೀರು ಯಾವಾಗ ಬರುತ್ತದೆ

ಈಗ ಅಕ್ಕನ ಮಗಳ ಪ್ರಶ್ನೆಗೆ ಬಂದೆವು. ಅವಳು ನಿಂತಿದ್ದು ಓಬರ್‌ವಾಲ್ಡ್ ಸೇತುವೆ ಮೇಲೆ, ಹಿಮನದಿಗೆ ಹತ್ತಿರ, ಸಂಜೆ ಹೊತ್ತು. ಮಳೆ ಇಲ್ಲದೆ ಹೊಳೆ ತುಂಬಿದ್ದು ಬಿಸಿಲಿನಿಂದ. ಬಿಸಿಲು ಏರಿದಂತೆ ಮೇಲೆ ಹಿಮ ಕರಗುತ್ತದೆ, ಮಧ್ಯಾಹ್ನ ದಾಟಿದ ಮೇಲೆ ಆ ನೀರು ಕೆಳಗೆ ಮುಟ್ಟುತ್ತದೆ. ರಾತ್ರಿ ಚಳಿಗೆ ಕರಗುವುದು ಕಡಿಮೆ ಆಗಿ ಬೆಳಗಿನ ಹೊತ್ತಿಗೆ ಹೊಳೆ ಇಳಿದಿರುತ್ತದೆ. ದಿನಾ ಒಂದು ಏರು, ಒಂದು ಇಳಿತ. ತದಡಿಯವರಿಗೆ ಚಂದ್ರ ಮಾಡುವುದನ್ನು ಅಲ್ಲಿಯವರಿಗೆ ಸೂರ್ಯ ಮಾಡುತ್ತಾನೆ.

ಇದನ್ನು ನಂಬುವುದು ಬೇಡ, ನೋಡಿ. ಸ್ವಿಸ್ ಸರ್ಕಾರದ ಪರಿಸರ ಇಲಾಖೆಯವರು ನದಿಗಳ ಹರಿವನ್ನು ಆಯಾ ಹೊತ್ತಿಗೇ ಇಂಟರ್‌ನೆಟ್‌ನಲ್ಲಿ ಹಾಕುತ್ತಾರೆ. ರೋನ್ ಮೇಲೆ ಗ್ಲೆಚ್, ಬ್ರಿಗ್, ಸಿಯೋನ್, ಪೋರ್ತ್ ದ್ಯು ಸೆ ಹೀಗೆ ಹಲವು ಕಡೆ ಅಳತೆ ಕೇಂದ್ರಗಳಿವೆ. ಜುಲೈ ಅಥವಾ ಆಗಸ್ಟ್‌ನಲ್ಲಿ, ಅಲ್ಲಿ ನಾಲ್ಕು ದಿನ ಒಳ್ಳೆ ಬಿಸಿಲಿದ್ದಾಗ, ಗ್ಲೆಚ್‌ನ ಗ್ರಾಫ್ ತೆಗೆಯಿರಿ. ಗರಗಸದ ಹಲ್ಲಿನ ಹಾಗೆ ದಿನಕ್ಕೊಂದು ಏರು ಕಾಣುತ್ತದೆ. ಮೋಡ ಕವಿದು ತಂಪಾದ ದಿನ ಹಲ್ಲು ಮೊಂಡು. ಅದೇ ಗ್ರಾಫನ್ನು ಜನವರಿಯಲ್ಲಿ ನೋಡಿದರೆ ಸತ್ತ ಹಾವಿನ ಹಾಗೆ ಬಿದ್ದಿರುತ್ತದೆ, ಯಾಕೆಂದರೆ ಆಗ ಬಿದ್ದದ್ದೆಲ್ಲ ಹಿಮವಾಗಿ ಮೇಲೇ ಕೂತಿದೆ.

ವಿಚಿತ್ರ ಏನಂದರೆ ಅಘನಾಶಿನಿಯೂ ಜುಲೈನಲ್ಲೇ ತುಂಬುವುದು, ರೋನ್ ಕೂಡ ಜೂನ್-ಜುಲೈನಲ್ಲೇ. ತಿಂಗಳು ನೋಡಿ ಎರಡೂ ಒಂದೇ ಅಂದುಕೊಂಡರೆ ಮೋಸ ಹೋದಿರಿ. ಇಲ್ಲಿ ಮೋಡದಿಂದ, ಅಲ್ಲಿ ಮೋಡ ಇಲ್ಲದ್ದರಿಂದ. ಸಿಯೋನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಅಷ್ಟೇ. ಶಿರಸಿಯಲ್ಲಿ ಒಂದು ಒಳ್ಳೆ ಜುಲೈ ತಿಂಗಳೇ ಅಷ್ಟು ಸುರಿಯುತ್ತದೆ. ಉತ್ತರದಲ್ಲೊಂದು ಪರ್ವತಸಾಲು, ದಕ್ಷಿಣದಲ್ಲೊಂದು. ಯಾವ ಕಡೆಯಿಂದ ಮೋಡ ಬಂದರೂ ಗೋಡೆ ಆಚೆಯೇ ಖಾಲಿಯಾಗಿ ಬರುತ್ತದೆ. ಘಟ್ಟದಂಚಿನಿಂದ ಮುಂಡಗೋಡಿಗೆ ಹೋಗುವಾಗ ಕಾಡು ತೆಳುವಾಗುತ್ತಾ ಬರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೀರಲ್ಲ, ಅದೇ ಕಥೆ, ಎರಡೂ ಮಗ್ಗುಲಿನಿಂದ.

ಕೆಳಗಿನ ಪೋರ್ತ್ ದ್ಯು ಸೆ ಕೇಂದ್ರದ ಗ್ರಾಫ್ ನೋಡಿದರೆ ಮಾತ್ರ ಲೆಕ್ಕ ಕಲಸುಮೇಲೋಗರ. ಅಲ್ಲಿ ವಿದ್ಯುತ್ತಿನ ಕೈವಾಡ ಇದೆ. ಪಕ್ಕದ ಕಣಿವೆಗಳಲ್ಲಿ ಅಣೆಕಟ್ಟುಗಳು, ಅದರಲ್ಲಿ ಗ್ರಾಂಡ್ ದಿಕ್ಸಾನ್ಸ್ 285 ಮೀಟರ್ ಎತ್ತರ, 1961ರಲ್ಲಿ ಮುಗಿದದ್ದು. ನಮ್ಮ ಕಾಳಿಯ ಸೂಪಾ 101 ಮೀಟರ್. ಬೇಸಿಗೆಯಲ್ಲಿ ಕರಗಿದ ನೀರನ್ನು ಸುರಂಗಗಳಲ್ಲಿ ತಂದು ಕೂಡಿಟ್ಟು ಚಳಿಗಾಲಕ್ಕೆ ಕರೆಂಟ್ ಮಾಡುತ್ತಾರೆ. ನಾವು ಮಳೆಗಾಲದ ನೀರನ್ನು ಬೇಸಿಗೆಗೆ ಇಡುತ್ತೇವೆ, ಅವರು ಬೇಸಿಗೆಯದನ್ನು ಚಳಿಗಾಲಕ್ಕೆ. ರಜಾ ದಿನ ಕರೆಂಟಿನ ಬೇಡಿಕೆ ಕಡಿಮೆಯಾದರೆ ಹೊಳೆಯ ನೀರೂ ಕಡಿಮೆ. ಭಾನುವಾರ ರಜೆ ತೆಗೆದುಕೊಳ್ಳುವ ಹೊಳೆ!

ಬಣ್ಣ

ಇದಕ್ಕೆ ನಕ್ಷೆ ಬೇಡ, ಅಡುಗೆಮನೆ ಸಾಕು. ಅವಳ ಫೋಟೋದ ನೀರು ಬೂದು-ಬಿಳಿ ಇತ್ತು. ಅಮ್ಮನಿಗೆ ತೋರಿಸಿದೆ. "ಅಕ್ಕಚ್ಚು ಇದ್ದಾಂಗೆ ಇದ್ದು" ಅಂದಳು. ಅಕ್ಕಿ ತೊಳೆದ ನೀರು. ಇದಕ್ಕಿಂತ ಸರಿಯಾದ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ, ಆ ಹಿಟ್ಟು ನೀರಲ್ಲಿ ತೇಲುತ್ತಾ ಬರುತ್ತದೆ.

ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಅಕ್ಕಚ್ಚು, ಇನ್ನೊಂದರಲ್ಲಿ ಮಳೆಗಾಲದ ಹಳ್ಳದ ಕೆಂಪು ನೀರು. ಕಿಟಕಿ ಪಕ್ಕ ಇಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಹಳ್ಳದ ನೀರಿನಲ್ಲಿ ಮೊದಲ ನಿಮಿಷದಲ್ಲೇ ಮರಳು ತಳ ಸೇರುತ್ತದೆ, ಮೇಲೆ ಕೆಂಪು ನಿಧಾನಕ್ಕೆ ತಿಳಿಯಾಗುತ್ತದೆ. ಅಕ್ಕಚ್ಚು ತಾಸುಗಟ್ಟಲೆ ಬಿಳಿಯಾಗೇ ಇರುತ್ತದೆ, ಮರುದಿನ ಬೆಳಿಗ್ಗೆ ನೋಡಿದರೆ ಮೇಲೆ ತಿಳಿ, ಕೆಳಗೆ ಬೆರಳಿಗೆ ಹತ್ತುವ ನುಣ್ಣನೆ ಪದರ. ಜಿನೀವಾ ಸರೋವರ ಅಂದರೆ ಇಂಥ ಒಂದು ದೊಡ್ಡ ಲೋಟ. ಪೂರ್ವದಲ್ಲಿ ಅಕ್ಕಚ್ಚಾಗಿ ಒಳಗೆ ಹೋದ ರೋನ್, ಪಶ್ಚಿಮದಲ್ಲಿ ಜಿನೀವಾ ನಗರದ ಹತ್ತಿರ ತಿಳಿಯಾಗಿ ಹೊರಗೆ ಬರುತ್ತದೆ. ಬಂದು ಸ್ವಲ್ಪ ದೂರದಲ್ಲೇ ಮೋಂಬ್ಲಾ ಪರ್ವತದ ಕಡೆಯಿಂದ ಆರ್ವ್ ಅನ್ನುವ ನದಿ ಕೂಡುತ್ತದೆ. ಅದಕ್ಕೆ ದಾರಿಯಲ್ಲಿ ಲೋಟ ಸಿಕ್ಕಿಲ್ಲ, ಇನ್ನೂ ಬೂದು. ಒಂದೇ ಪಾತ್ರದಲ್ಲಿ ಅರ್ಧ ನೀಲಿ, ಅರ್ಧ ಬೂದು ಹರಿಯುವುದು ಉಪಗ್ರಹ ಚಿತ್ರದಲ್ಲೇ ಕಾಣುತ್ತದೆ, ಬೇಸಿಗೆಯ ಚಿತ್ರ ಆರಿಸಿಕೊಳ್ಳಿ.

ಮನೆ ಎಲ್ಲಿ ಕಟ್ಟಿದ್ದಾರೆ ನೋಡಿ

ಕಣಿವೆ ಓದುವವರು ಬೆಟ್ಟ ನೋಡುತ್ತಾ ಕೂತು ಮನೆಗಳನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಗುಟ್ಟು ಮನೆಗಳಲ್ಲಿದೆ. ನಮ್ಮ ಕಡೆ ಹಳ್ಳದ ತಳದಲ್ಲಿ ಅಡಿಕೆ ತೋಟ, ಅದರ ಮೇಲೆ ಮನೆ, ಮನೆ ಮೇಲೆ ಸೊಪ್ಪಿನ ಬೆಟ್ಟ. ಯಾರೂ ತಳದಲ್ಲಿ ಮನೆ ಕಟ್ಟುವುದಿಲ್ಲ. ರೋನ್ ಕಣಿವೆಯ ಹಳೆಯ ಊರುಗಳೂ ಸಪಾಟು ನೆಲದ ನಡುವೆ ಇಲ್ಲ. ಮೊದಲು ಆ ನೆಲ ಜೌಗು, ನೆರೆ ಬಂದರೆ ಹೊಳೆ ಎಲ್ಲೆಂದರಲ್ಲಿ ಹರಿಯುತ್ತಿತ್ತು. 1860ರ ದೊಡ್ಡ ನೆರೆಯ ನಂತರ, 1863ರಿಂದ, ಎರಡೂ ಕಡೆ ಏರಿ ಕಟ್ಟಿ ಹೊಳೆಯನ್ನು ನೇರ ಮಾಡಿದರು. ಈಗ ನಕ್ಷೆಯಲ್ಲಿ ರೋನ್ ಸ್ಕೇಲಿಟ್ಟು ಎಳೆದ ಹಾಗೆ ಕಾಣುವುದು ಅದಕ್ಕೇ. ಜೌಗು ಒಣಗಿ ಹಣ್ಣಿನ ತೋಟ, ಪೇಟೆ, ಕಾರ್ಖಾನೆ ಎಲ್ಲ ಬಂದವು. 2000ದ ಅಕ್ಟೋಬರಿನಲ್ಲಿ ಮತ್ತೆ ನೆರೆ ಬಂದು ಏರಿ ಒಡೆಯಿತು. ಈಗಿನ ಯೋಜನೆಯಲ್ಲಿ ಹೊಳೆಗೆ ಮತ್ತೆ ಜಾಗ ಬಿಟ್ಟು ಅಗಲ ಮಾಡುವ ಕೆಲಸ ಇದೆ. ಕಸಿದುಕೊಂಡದ್ದನ್ನು ವಾಪಸ್ ಕೊಡುವುದು.

ಹಳೆಯ ಊರುಗಳನ್ನು ಎಲ್ಲಿ ಹುಡುಕಬೇಕು ಅಂದರೆ, ಪಕ್ಕದ ಹಳ್ಳ ಕಣಿವೆಗೆ ಬೀಳುವಲ್ಲಿ ಬೀಸಣಿಗೆ ಆಕಾರದಲ್ಲಿ ಹರಡಿದ ದಿಬ್ಬ ನೋಡಿ. ಹಳ್ಳ ಹೊತ್ತು ತಂದು ಸುರಿದ ಕಲ್ಲುಮಣ್ಣು ಅದು. ನೀರು ನಿಲ್ಲುವುದಿಲ್ಲ, ಅದಕ್ಕೇ ಅಲ್ಲಿ ಊರು. ಇಂಥದ್ದರಲ್ಲಿ ಎಲ್ಲಕ್ಕಿಂತ ಜೋರಿನದು ಲೊಯ್ಕ್ ಊರಿನ ಹತ್ತಿರ ಇಲ್‌ಗ್ರಾಬನ್ ಅನ್ನುವ ಕೊರಕಲಿನದು. ಅದು ದಕ್ಷಿಣದಿಂದ ಎಷ್ಟು ಮಣ್ಣು ತಂದು ಸುರಿದಿದೆ ಅಂದರೆ ರೋನ್ ಉತ್ತರದ ಗೋಡೆಗೆ ಒತ್ತಿಕೊಂಡು ಹರಿಯಬೇಕಾಗಿದೆ. ನಕ್ಷೆಯಲ್ಲಿ ಇದನ್ನು ನೀವೇ ಹುಡುಕಿ, ಸಿಕ್ಕಾಗ ಖುಷಿ ಆಗುತ್ತದೆ. ಅದರ ಪಕ್ಕದ ಫಿನ್ ಕಾಡಿನಲ್ಲಿ ಹೊಳೆ ಹಲವು ಕವಲಾಗಿ ಹರಿಯುವುದು ಕಾಣುತ್ತದೆ. ಏರಿ ಕಟ್ಟುವ ಮೊದಲು ಕಣಿವೆಯ ಹೊಳೆ ಹೇಗಿತ್ತು ಅನ್ನುವುದಕ್ಕೆ ಅದೇ ಮಾದರಿ.

ಇನ್ನು ಎರಡು ದಂಡೆಯ ಬಣ್ಣ ಹೋಲಿಸಿ. ಉತ್ತರದ ಗುಡ್ಡ ದಕ್ಷಿಣಕ್ಕೆ ಮುಖ ಮಾಡಿದೆ, ಬಿಸಿಲು ಜಾಸ್ತಿ, ಅಲ್ಲೆಲ್ಲ ಮೆಟ್ಟಿಲು ಮೆಟ್ಟಿಲು ದ್ರಾಕ್ಷಿ. ಎದುರಿನದು ನೆರಳು, ಅಲ್ಲಿ ಕಾಡು. ನಮಗೆ ಸೂರ್ಯ ತಲೆ ಮೇಲೇ ಇರುವುದರಿಂದ ಇದು ಅಷ್ಟಾಗಿ ಹೊಳೆಯುವುದಿಲ್ಲ.

ಒಣ ಊರಲ್ಲಿ ದ್ರಾಕ್ಷಿಗೆ, ಹುಲ್ಲಿಗೆ ನೀರು? ಇಲ್ಲಿ ನಾನು ನಿಜಕ್ಕೂ ಕುರ್ಚಿಯಿಂದ ಎದ್ದೆ. ಬೆಟ್ಟದ ಮೇಲಿನ ತೊರೆಯಿಂದ ಸಣ್ಣ ಕಾಲುವೆ ತೆಗೆದು ಗುಡ್ಡದ ಸೊಂಟದಲ್ಲಿ ಮೈಲಿಗಟ್ಟಲೆ ತರುತ್ತಾರೆ, ಬಂಡೆ ಅಡ್ಡ ಬಂದಲ್ಲಿ ಮರದ ದೋಣಿಗಳನ್ನು ಗೋಡೆಗೆ ನೇತುಹಾಕಿ ದಾಟಿಸುತ್ತಾರೆ. ಫ್ರೆಂಚಿನಲ್ಲಿ ಬಿಸ್, ಜರ್ಮನ್‌ನಲ್ಲಿ ಸುವೋನನ್. ಶತಮಾನಗಳಷ್ಟು ಹಳೆಯವು, ಯಾರಿಗೆ ಎಷ್ಟು ಹೊತ್ತು ನೀರು ಅಂತ ಸರದಿ ಬೇರೆ. ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಗುಡ್ಡದಿಂದ ಅಂಗಳಕ್ಕೆ ತಂದವರಿಗೆ ಇದನ್ನು ವಿವರಿಸಬೇಕಾ? ಅಜ್ಜ ಬೆಳಿಗ್ಗೆ ಎದ್ದು ದಬ್ಬೆಗೆ ಸಿಕ್ಕ ಎಲೆ ತೆಗೆಯಲಿಕ್ಕೆ ಗುಡ್ಡ ಹತ್ತುತ್ತಿದ್ದ. ಅಲ್ಲೂ ಕಾಲುವೆ ಕಾಯಲಿಕ್ಕೆ ಒಬ್ಬ ಇರುತ್ತಿದ್ದ. ನಕ್ಷೆಯಲ್ಲಿ ಸಮೋನ್ನತಿ ರೇಖೆಗೆ ಹೆಚ್ಚುಕಡಿಮೆ ಸಮನಾಗಿ ಹೋಗುವ ತೆಳು ನೀಲಿ ಗೆರೆ ಕಂಡರೆ ಅದೇ ಬಿಸ್. ಹಳ್ಳ ಯಾವತ್ತೂ ರೇಖೆ ಕಡಿದು ಇಳಿಯುತ್ತದೆ, ರೇಖೆಯ ಗುಂಟ ಹೋಗುವ ನೀರಿದ್ದರೆ ಅದರ ಹಿಂದೆ ಮನುಷ್ಯನ ಕೈ ಇದೆ.

ಬೆಟ್ಟ ಬೀಳುವ ಜಾಗ

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದು ಗಂಗಾವಳಿಗೆ ಇಳಿದದ್ದು, ಎದುರು ದಂಡೆಯ ಉಳುವರೆ ಊರಿಗೆ ನೀರು ನುಗ್ಗಿದ್ದು ನಮಗ್ಯಾರಿಗೂ ಮರೆತಿಲ್ಲ. 2025ರ ಮೇ 28ರಂದು ರೋನ್‌ನ ಉಪನದಿ ಲೋಂಜಾ ಕಣಿವೆಯಲ್ಲಿ ಬ್ಲಾಟನ್ ಅನ್ನುವ ಊರಿನ ಮೇಲೆ ಹಿಮ, ಬಂಡೆ, ಮಣ್ಣು ಒಟ್ಟಿಗೇ ಬಂತು. ಬೆಟ್ಟ ಜರುಗುತ್ತಿರುವುದನ್ನು ಅಳೆಯುತ್ತಿದ್ದವರು ಮೊದಲೇ ಹೇಳಿದ್ದರಿಂದ ಸುಮಾರು 300 ಜನರನ್ನು ಖಾಲಿ ಮಾಡಿಸಿದ್ದರು. ಒಬ್ಬರ ಜೀವ ಹೋಯಿತು, ಊರು ಹೆಚ್ಚುಕಡಿಮೆ ಪೂರ್ತಿ ಹೋಯಿತು. ಕಲ್ಲುಮಣ್ಣು ಹೊಳೆಗೆ ಅಡ್ಡ ಬಿದ್ದು ಹಿಂದೆ ಕೆರೆ ಕಟ್ಟಿತು, ಉಳಿದಿದ್ದ ಮನೆಗಳೂ ಮುಳುಗಿದವು.

ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ನೋಡುವ ಅನುಕೂಲ ಇದೆ. ವರ್ಷ ಹಿಂದೆ ಮುಂದೆ ಮಾಡುತ್ತಾ ಹಸಿರಿನ ನಡುವೆ ಹೊಸದಾಗಿ ಬಂದ ಬೂದು ಅಥವಾ ಕೆಂಪು ಗಾಯ ಹುಡುಕಿ. ಗಾಯದ ಕೆಳಗೆ ಹೊಳೆ ಸಣ್ಣಗಾಗಿದೆಯಾ, ಪಕ್ಕಕ್ಕೆ ಸರಿದಿದೆಯಾ ನೋಡಿ. ರೋನ್ ಹಿಮನದಿಯನ್ನೂ ಹೀಗೇ ನೋಡಬಹುದು. 19ನೇ ಶತಮಾನದಲ್ಲಿ ಅದರ ನಾಲಿಗೆ ಗ್ಲೆಚ್‌ನ ಬಯಲಿನವರೆಗೆ ಇಳಿದಿತ್ತು, ಈಗ ಎತ್ತರದ ಬಂಡೆಯ ಹಿಂದೆ ಸರಿದು ಮುಂದೊಂದು ಕೆರೆ ಬಿಟ್ಟಿದೆ. ಬೇಸಿಗೆಯಲ್ಲಿ ಅದರ ಅಂಚಿಗೆ ಬಿಳಿ ಬಟ್ಟೆ ಹೊದಿಸುತ್ತಾರೆ, ಕರಗುವುದು ಸ್ವಲ್ಪ ನಿಧಾನವಾಗಲಿ ಅಂತ.

ಚಿತ್ರ ನೋಡುವಾಗ ಒಂದು ಮೋಸ ಆಗುತ್ತದೆ. ಕಣಿವೆ ಉಬ್ಬಿದ ಹಾಗೆ, ಬೆಟ್ಟ ತಗ್ಗಿದ ಹಾಗೆ ಕಾಣುತ್ತದೆ. ಅಲ್ಲಿ ಸೂರ್ಯ ದಕ್ಷಿಣದಲ್ಲಿರುವುದರಿಂದ ನೆರಳು ಮೇಲಕ್ಕೆ ಬೀಳುತ್ತದೆ, ನಮ್ಮ ಕಣ್ಣಿಗೆ ಬೆಳಕು ಮೇಲಿಂದ ಬರುವುದೇ ರೂಢಿ. ಮೊಬೈಲನ್ನು ತಲೆಕೆಳಗೆ ಹಿಡಿಯಿರಿ, ಸರಿಹೋಗುತ್ತದೆ.

ಹೋಗುವವರಿಗೆ

ನಿಜವಾಗಿ ಹೋಗುತ್ತೀರಾದರೆ ಕಾರು ಬೇಡ, ಬ್ರಿಗ್‌ನಿಂದ ಲೋಸಾನ್‌ಗೆ ರೈಲು ಹಿಡಿಯಿರಿ. ಹಗಲು ಹೊತ್ತು ಇರಲಿ. ಮೊದಲು ಬಲಕ್ಕೆ ಕೂರಿ, ದ್ರಾಕ್ಷಿಯ ಮೆಟ್ಟಿಲುಗಳು ಆ ಕಡೆ. ಲೊಯ್ಕ್ ದಾಟುವಾಗ ಮಾತ್ರ ಎಡಕ್ಕೆ ಬಗ್ಗಿ ಇಲ್‌ಗ್ರಾಬನ್‌ನ ಬಿಳಿ ಗಾಯ ಹುಡುಕಿ. ಮಾರ್ಟಿನ್ಯಿಯಲ್ಲಿ ರೈಲು ನದಿಯ ಜೊತೆ ತಿರುಗುತ್ತದೆ, ಆಗ ಎದ್ದು ಎಡಕ್ಕೆ ಬಂದುಬಿಡಿ, ವೆರ್ನಯಾಜ್‌ನ ಜಲಪಾತ ಎಡಗಡೆ, ಕಣ್ಣು ಮಿಟುಕಿಸಿದರೆ ಹೋಯಿತು. ಸೇಂಟ್ ಮೊರಿಸ್ ಇಕ್ಕಟ್ಟು ದಾಟಿದ ಮೇಲೆ ಕಣಿವೆ ಬಾಯಿ ತೆರೆಯುತ್ತದೆ. ಎಡಕ್ಕೇ ಕೂತಿರಿ, ಸರೋವರವೂ ಆ ಕಡೆಯೇ ಬರುತ್ತದೆ.

ಅಕ್ಕನ ಮಗಳು ಇದೇ ಪ್ರಕಾರ ಹೋದಳು. ಜಲಪಾತ ತಪ್ಪಿಸಿಕೊಂಡಳು, ಆ ಹೊತ್ತಿಗೆ ಸರಿಯಾಗಿ ನಾನೇ ಫೋನ್ ಮಾಡಿದ್ದೆನಂತೆ.